ಓದುಗರ ಪ್ರಶ್ನೆ: ಮ್ಯೂನಿಕ್ಕಿನ ರೈಲು, ಟಿಕೆಟು, ಒಂದು ದಿನದ ತಿರುಗಾಟ

ಮಕ್ಕಳು ಜರ್ಮನಿಯ ಮ್ಯೂನಿಕ್ಕಿನಲ್ಲಿರುವ ಓದುಗರಿಂದ ಬಂದ ಪ್ರಶ್ನೆಗಳನ್ನು ಈ ಸಲ ಒಟ್ಟಿಗೆ ಎತ್ತಿಕೊಂಡಿದ್ದೇವೆ. ಟಿಕೆಟು ದರ ವರ್ಷವರ್ಷವೂ ಏರುತ್ತದೆ, ಆದ್ದರಿಂದ ಲೆಕ್ಕಕ್ಕೆ ಬೇಕಾದಲ್ಲಿ ಮಾತ್ರ ಮೊತ್ತ ಹೇಳಿದ್ದೇವೆ. ನಿಯಮಗಳು ಅಷ್ಟು ಬೇಗ ಬದಲಾಗುವುದಿಲ್ಲ, ಎಡವುವುದೂ ಅಲ್ಲಿಯೇ.

ನಾವು ಇಳಿಯುವ ದಿನ ಮಗಳಿಗೆ ರಜೆ ಸಿಗುವುದಿಲ್ಲ. ವಿಮಾನ ನಿಲ್ದಾಣದಿಂದ ಎಸ್-ಬಾನ್ ಎಂಬ ಉಪನಗರ ರೈಲಿನಲ್ಲಿ ಬನ್ನಿ ಎಂದಿದ್ದಾಳೆ. ಎಸ್1, ಎಸ್8 ಎರಡೂ ಪೇಟೆಗೆ ಹೋಗುತ್ತವಂತೆ. ಯಾವುದನ್ನು ಹತ್ತಬೇಕು? ಹಿಂತಿರುಗುವಾಗ 'ಹಿಂದಿನ ಬೋಗಿ ನೋಡಿ ಹತ್ತಿ' ಎನ್ನುತ್ತಾಳೆ, ಏನೆಂದು ಗೊತ್ತಾಗಲಿಲ್ಲ.
— ಓದುಗರು, ನೀರ್ಚಾಲು

ಬರುವಾಗ ಚಿಂತೆ ಇಲ್ಲ, ಯಾವುದು ಮೊದಲು ಹೊರಡುತ್ತದೋ ಅದನ್ನೇ ಹತ್ತಿ. ಎರಡೂ ಮುಖ್ಯ ನಿಲ್ದಾಣ ಹೌಪ್ಟ್‌ಬಾನ್‌ಹೋಫ್ ಮುಟ್ಟಲು ಮುಕ್ಕಾಲು ಗಂಟೆಯ ಆಚೀಚೆ ತೆಗೆದುಕೊಳ್ಳುತ್ತವೆ. ಎಸ್8 ಊರಿನ ಪೂರ್ವದಿಂದ, ಓಸ್ಟ್‌ಬಾನ್‌ಹೋಫ್ ಮೂಲಕ ಬರುತ್ತದೆ. ಎಸ್1 ಪಶ್ಚಿಮದಿಂದ, ಮೋಸಾಖ್ ಮತ್ತು ಲೈಮ್ ಮೂಲಕ. ಮಗಳ ಮನೆ ಯಾವ ದಿಕ್ಕಿಗೆ ಎಂದು ಕೇಳಿಟ್ಟುಕೊಂಡರೆ ಪೆಟ್ಟಿಗೆ ಹೊತ್ತು ಊರೆಲ್ಲ ದಾಟುವುದು ತಪ್ಪುತ್ತದೆ.

ಮಗಳು ಎಚ್ಚರಿಸಿದ್ದು ಹಿಂತಿರುಗುವ ಎಸ್1 ಬಗ್ಗೆ. ಆ ರೈಲು ನಾಯ್‌ಫಾರ್ನ್ ನಿಲ್ದಾಣದಲ್ಲಿ ಎರಡಾಗುತ್ತದೆ. ಮುಂದಿನ ಭಾಗ ಫ್ರೈಸಿಂಗ್ ಎಂಬ ಊರಿಗೆ, ಹಿಂದಿನ ಭಾಗ ವಿಮಾನ ನಿಲ್ದಾಣಕ್ಕೆ. ಬೆಂಗಳೂರಿನಿಂದ ಒಂದಾಗಿ ಹೊರಟ ರೈಲು ಮಂಗಳೂರಿನಲ್ಲಿ ತುಂಡಾಗಿ ಕಣ್ಣೂರಿಗೂ ಕಾರವಾರಕ್ಕೂ ಹೋಗುತ್ತಿದ್ದ ಕಾಲ ಕಂಡವರಿಗೆ ಇದು ಹೊಸತಲ್ಲ. ವ್ಯತ್ಯಾಸವೆಂದರೆ ಅಲ್ಲಿ ಬೋಗಿಯಿಂದ ಬೋಗಿಗೆ ಬಂದು ಕೇಳುವ ಟಿಟಿಇ ಇಲ್ಲ, ಎಂಜಿನ್ ಬದಲಿಸುವ ಗದ್ದಲವೂ ಇಲ್ಲ. ಕೆಲವೇ ನಿಮಿಷದಲ್ಲಿ ಎರಡೂ ಭಾಗ ಬೇರೆಬೇರೆ ದಾರಿ ಹಿಡಿದಿರುತ್ತವೆ. ಎರಡು ಭಾಗಗಳ ನಡುವೆ ಒಳಗಿನಿಂದ ನಡೆದುಹೋಗಲು ಬಾಗಿಲಿಲ್ಲ, ಪ್ಲಾಟ್‌ಫಾರಂಗೆ ಇಳಿದೇ ಬದಲಿಸಬೇಕು.

ಹತ್ತುವ ಮೊದಲು ಪ್ಲಾಟ್‌ಫಾರಂನ ಫಲಕದಲ್ಲಿ ಯಾವ ಭಾಗ ಎಲ್ಲಿಗೆ ಎಂದು ನೋಡಿ, ಬೋಗಿಯ ಹೊರಮೈಯ ಅಕ್ಷರಗಳನ್ನೂ ಓದಿ. 'ಫ್ಲುಗ್‌ಹಾಫೆನ್' ಎಂದಿದ್ದರೆ ವಿಮಾನ ನಿಲ್ದಾಣ. ತಪ್ಪಿದ್ದು ನಾಯ್‌ಫಾರ್ನ್‌ನಲ್ಲಿ ತಿಳಿದರೆ ಪೆಟ್ಟಿಗೆಯೊಡನೆ ಇಳಿದು ಹಿಂದಕ್ಕೆ ನಡೆಯಿರಿ. ಫ್ರೈಸಿಂಗ್ ಮುಟ್ಟಿದ ಮೇಲೆ ತಿಳಿದರೂ ದಾರಿ ಇದೆ: ನಿಲ್ದಾಣದ ಹೊರಗಿನಿಂದ 635 ನಂಬರಿನ ಬಸ್ಸು ವಿಮಾನ ನಿಲ್ದಾಣಕ್ಕೆ ಹೋಗುತ್ತದೆ. ನಮ್ಮನ್ನು ಕೇಳಿದರೆ, ವಿಮಾನ ಹಿಡಿಯುವ ದಿನ ಎಸ್8 ಹತ್ತಿಬಿಡುವುದೇ ಒಳ್ಳೆಯದು, ಅದು ಒಡೆಯುವುದಿಲ್ಲ.

ಈ ಒಡೆಯುವ ಪದ್ಧತಿ ಎಸ್1ಕ್ಕೆ ಮಾತ್ರ ಸೀಮಿತವಲ್ಲ. ದಕ್ಷಿಣದ ಬೆಟ್ಟಗಳ ಕಡೆಗೆ, ಕೆರೆಯ ಊರು ಟೆಗೆರ್ನ್‌ಸೇ, ಲೆಂಗ್ರೀಸ್, ಬೈರಿಷ್‌ತ್ಸೆಲ್ ಊರುಗಳಿಗೆ ಹೋಗುವ ರೈಲುಗಳೂ ಮ್ಯೂನಿಕ್ಕಿನಿಂದ ಒಂದಾಗಿ ಹೊರಟು ಹೋಲ್ಟ್ಸ್‌ಕಿರ್ಶೆನ್ ಮತ್ತು ಶಾಫ್ಟ್‌ಲಾಖ್‌ನಲ್ಲಿ ಒಡೆಯುತ್ತವೆ. ಕೆರೆ ನೋಡಲು ಹೊರಟವರು ಬೆಟ್ಟದ ಊರಿಗೆ ಮುಟ್ಟುವುದು ಹೀಗೆಯೇ.

ಹದಿನೈದು ದಿನ ಇರುತ್ತೇವೆ. ನಾನು, ಹೆಂಡತಿ, ಏಳು ವರ್ಷದ ಮೊಮ್ಮಗ. ದಿನದ ಟಿಕೆಟು, ಬಾಯರ್ನ್ ಟಿಕೆಟು, ಡಾಯ್ಚ್‌ಲಾಂಡ್ ಟಿಕೆಟು, ವಲಯ ಎಂ ಎಂದೆಲ್ಲ ಅಳಿಯಂದಿರು ಫೋನಿನಲ್ಲಿ ವಿವರಿಸಿದರು. ಕೇಳಿ ತಲೆ ತಿರುಗಿತು. ಯಾವುದು ಉಳಿತಾಯ?
— ಓದುಗರು, ಉಪ್ಪಳ

ಮೊದಲು ವಲಯ. ಮ್ಯೂನಿಕ್ ಪೇಟೆಯೆಲ್ಲ 'ಎಂ' ವಲಯ. ಅದರ ಸುತ್ತ ಉಂಗುರದಂತೆ 1, 2, 3 ಹೀಗೆ ಮುಂದಕ್ಕೆ ವಲಯಗಳಿವೆ. ಪೇಟೆಯೊಳಗೆ ತಿರುಗಲು ಎಂ ಸಾಕು. ಪಕ್ಕದ ಊರು ಡಾಖೌಗೆ ಹೋಗಲು 'ಎಂ-1', ವಿಮಾನ ನಿಲ್ದಾಣಕ್ಕೆ 'ಎಂ-5' ಬೇಕು. ವಲಯದ ಗಡಿಯಲ್ಲಿ ರೈಲು ನಿಂತು ಯಾರೂ ಹೇಳುವುದಿಲ್ಲ, ಎಂ ಟಿಕೆಟು ಹಿಡಿದು ವಿಮಾನ ನಿಲ್ದಾಣದವರೆಗೆ ಹೋದರೆ ಅದು ಟಿಕೆಟಿಲ್ಲದ ಪ್ರಯಾಣವೇ.

ದಿನದ ಟಿಕೆಟು, ಅಂದರೆ ಟಾಗೆಸ್‌ಕಾರ್ಟೆ, ಮರುದಿನ ಬೆಳಗ್ಗೆ 6 ಗಂಟೆಯವರೆಗೆ ನಡೆಯುತ್ತದೆ. ಎಸ್-ಬಾನ್, ಯು-ಬಾನ್ (ಪೇಟೆಯ ಮೆಟ್ರೋ), ಟ್ರಾಮ್, ಬಸ್ಸು ಎಲ್ಲಕ್ಕೂ ಅದೇ ಚೀಟಿ. ಗುಂಪಿನ ದಿನ ಟಿಕೆಟೂ ಇದೆ: ಐದು ದೊಡ್ಡವರವರೆಗೆ ಒಂದೇ ಟಿಕೆಟು, 6ರಿಂದ 14 ವರ್ಷದ ಇಬ್ಬರು ಮಕ್ಕಳು ಸೇರಿ ಒಬ್ಬ ದೊಡ್ಡವರ ಲೆಕ್ಕ. ಆರು ತುಂಬದ ಮಕ್ಕಳಿಗೆ ಟಿಕೆಟೇ ಬೇಡ. ನಿಮ್ಮ ಮೊಮ್ಮಗನಿಗೆ ಏಳು ವರ್ಷ, ಅವನು ಲೆಕ್ಕಕ್ಕೆ ಬರುತ್ತಾನೆ. ಮಗಳು ಅಳಿಯ ಕೂಡ ಜೊತೆಗೆ ಹೊರಡುವ ದಿನ ಗುಂಪಿನ ಟಿಕೆಟಿನಷ್ಟು ಅಗ್ಗದ್ದು ಇನ್ನೊಂದಿಲ್ಲ. ಒಂದು ಸಲದ ಟಿಕೆಟಿನಲ್ಲಿ ರೈಲು ಬದಲಿಸಬಹುದು, ಆದರೆ ಅದೇ ಟಿಕೆಟಿನಲ್ಲಿ ಹೋದ ದಾರಿಯಲ್ಲೇ ಹಿಂದೆ ಬರಬಾರದು.

ಬಾಯರ್ನ್ ಟಿಕೆಟು ಬವೇರಿಯಾ ರಾಜ್ಯ ಇಡೀ ತಿರುಗಲು. ಒಬ್ಬರಿಂದ ಐವರವರೆಗೆ ಒಂದೇ ಟಿಕೆಟು: ಮೊದಲಿನವರಿಗೆ ಮೂಲ ದರ, ಆಮೇಲೆ ಸೇರಿದ ಪ್ರತಿ ತಲೆಗೆ ಸ್ವಲ್ಪಸ್ವಲ್ಪ. ಸೋಮವಾರದಿಂದ ಶುಕ್ರವಾರದವರೆಗೆ ಬೆಳಗ್ಗೆ 9ರ ಮೇಲೆ ಮಾತ್ರ, ಶನಿವಾರ, ಆದಿತ್ಯವಾರ ಮತ್ತು ಸಾರ್ವತ್ರಿಕ ರಜೆಯ ದಿನ ನಡುರಾತ್ರಿಯಿಂದಲೇ. ಮುಗಿಯುವುದು ಮರುದಿನ ನಸುಕಿನ 3 ಗಂಟೆಗೆ. ಟಿಕೆಟಿನಲ್ಲಿ ಹೆಸರು ಬರೆಯುವ ಗೆರೆಗಳಿರುತ್ತವೆ, ರೈಲು ಹತ್ತುವ ಮೊದಲೇ ತುಂಬಿ.

ಡಾಯ್ಚ್‌ಲಾಂಡ್ ಟಿಕೆಟು ನಮ್ಮ ಸೀಸನ್ ಟಿಕೆಟಿನ ಹಾಗೆ, ಆದರೆ ಇಡೀ ದೇಶಕ್ಕೆ. 2023ರ ಮೇ ತಿಂಗಳಲ್ಲಿ 49 ಯೂರೋಗೆ ಶುರುವಾಯಿತು, 2025ರಲ್ಲಿ 58, 2026ರಲ್ಲಿ 63 ಆಯಿತು. ಪ್ರಾದೇಶಿಕ ರೈಲು, ನಗರದ ರೈಲು, ಟ್ರಾಮ್, ಬಸ್ಸು ಎಲ್ಲವೂ ಇದರಲ್ಲಿ, 9 ಗಂಟೆಯ ಕಟ್ಟೂ ಇಲ್ಲ. ಒಬ್ಬರಿಗೆ ಒಂದೇ, ಹಂಚಿಕೊಳ್ಳುವಂತಿಲ್ಲ. ಎರಡು ಕಡೆ ಎಡವುತ್ತಾರೆ. ಇದು ಚಂದಾ, ತಾನಾಗಿ ನಿಲ್ಲುವುದಿಲ್ಲ. ಆ ತಿಂಗಳ 10ನೇ ತಾರೀಕಿನೊಳಗೆ ರದ್ದು ಮಾಡದಿದ್ದರೆ ನೀವು ಊರಿಗೆ ಬಂದು ಅಡಕೆ ಸುಲಿಯುತ್ತಿರುವಾಗಲೂ ಮುಂದಿನ ತಿಂಗಳ ಹಣ ಖಾತೆಯಿಂದ ಹೋಗುತ್ತದೆ. ಎರಡನೆಯದು, ತಿಂಗಳೆಂದರೆ ಕ್ಯಾಲೆಂಡರಿನ ತಿಂಗಳು. ನಿಮ್ಮ ಹದಿನೈದು ದಿನ 22ರಿಂದ ಮುಂದಿನ 6ರವರೆಗೆ ಆದರೆ ಎರಡು ತಿಂಗಳ ಲೆಕ್ಕ. ಒಂದೇ ತಿಂಗಳೊಳಗೆ ಬರುವಂತೆ ವಿಮಾನ ಗೊತ್ತು ಮಾಡಿಕೊಂಡರೆ ಇದು ಚೆನ್ನ.

ಲೆಕ್ಕ ಹಾಕುವುದು ಹೀಗೆ: ಎಂ ವಲಯದ ದಿನದ ಟಿಕೆಟಿನ ದರದಿಂದ 63ನ್ನು ಭಾಗಿಸಿ. ಬಂದ ಸಂಖ್ಯೆಗಿಂತ ಹೆಚ್ಚು ದಿನ ನೀವು ಮನೆಯಿಂದ ಹೊರಗೆ ಕಾಲಿಡುತ್ತೀರಾದರೆ ದೊಡ್ಡವರಿಬ್ಬರಿಗೂ ಡಾಯ್ಚ್‌ಲಾಂಡ್ ಟಿಕೆಟು ತೆಗೆಯಿರಿ. ಹೊರಗಿನ ಪ್ರವಾಸ, ವಿಮಾನ ನಿಲ್ದಾಣದ ಓಡಾಟ ಎಲ್ಲ ಅದರ ಮೇಲಿನ ಲಾಭ. ದಿನವೂ ಹೊರಡುವ ಗಟ್ಟಿತನ ಇಲ್ಲದವರಿಗೆ, ಇಡೀ ವಾಸ್ತವ್ಯದಲ್ಲಿ ಎರಡೇ ದೂರದ ಪ್ರವಾಸ ಸಾಕು ಎನ್ನುವವರಿಗೆ ಬಾಯರ್ನ್ ಮತ್ತು ದಿನದ ಟಿಕೆಟು ಬೆರೆಸುವುದು ಮೇಲು.

ಮೂರಕ್ಕೂ ಸಮನಾದ ಒಂದು ಕಟ್ಟು ಇದೆ. ಐಸಿಇ, ಐಸಿ, ಇಸಿ ಎಂದು ಬರೆದಿರುವ ವೇಗದ ರೈಲುಗಳಿಗೆ ಇವು ಯಾವುವೂ ನಡೆಯುವುದಿಲ್ಲ. ಆರ್‌ಇ, ಆರ್‌ಬಿ, ಎಸ್ ಎಂದಿದ್ದರೆ ಪ್ರಾದೇಶಿಕ ಅಥವಾ ನಗರದ ರೈಲು, ಹತ್ತಬಹುದು. ಆರ್‌ಇ ರೈಲಿನೊಳಗೂ ಬಾಗಿಲ ಬಳಿ ದೊಡ್ಡ 1 ಬರೆದ ಕಡೆ ಸೀಟು ಖಾಲಿ ಎಂದು ಕೂರಬೇಡಿ, ಅದು ಮೊದಲ ದರ್ಜೆ.

ಟಿಕೆಟು ಕೊಂಡು ಜೇಬಿನಲ್ಲಿ ಇಟ್ಟುಕೊಂಡಿದ್ದ ಪರಿಚಯದವರೊಬ್ಬರಿಗೆ ಅಲ್ಲಿ ದಂಡ ಬಿತ್ತಂತೆ. ಟಿಕೆಟು ಇದ್ದೂ ದಂಡ ಯಾಕೆ?
— ಓದುಗರು, ಹೊಸೂರು

ಟಿಕೆಟಿಗೆ ಮುದ್ರೆ ಹಾಕಿಸದೆ ರೈಲು ಹತ್ತಿದ್ದಿರಬೇಕು. ಮ್ಯೂನಿಕ್ಕಿನ ನಿಲ್ದಾಣಗಳಲ್ಲಿ ಬೆಂಗಳೂರು ಮೆಟ್ರೋದಂತೆ ತಡೆಯುವ ಗೇಟು ಇಲ್ಲ, ಯಾರು ಬೇಕಾದರೂ ಪ್ಲಾಟ್‌ಫಾರಂಗೆ ಇಳಿಯಬಹುದು. ತಪಾಸಣೆಯವರು ಕೆಲವೊಮ್ಮೆ ಸಾಮಾನ್ಯ ಉಡುಪಿನಲ್ಲೇ ಇರುತ್ತಾರೆ, ರೈಲು ಹೊರಟ ಮೇಲೆ ಎದ್ದು ಗುರುತುಚೀಟಿ ತೋರಿಸುತ್ತಾರೆ. ದಂಡ 60 ಯೂರೋ. ಗೊತ್ತಿರಲಿಲ್ಲ, ವಿದೇಶಿಯರು, ವಯಸ್ಸಾದವರು ಎಂಬುದನ್ನು ಕೇಳಿ ಬಿಡಲೇಬೇಕೆಂದಿಲ್ಲ.

ಕಾಗದದ ಟಿಕೆಟಿನ ಮೇಲೆ ಮುದ್ರೆ ಹಾಕಿಸಿ ಎಂಬ ಸೂಚನೆ, ಜರ್ಮನ್‌ನಲ್ಲಿ 'ಬಿಟೆ ಎಂಟ್‌ವೆರ್ಟೆನ್', ಇದ್ದರೆ ಅದು ಇನ್ನೂ ಖಾಲಿ ಟಿಕೆಟು. ಯು-ಬಾನ್, ಎಸ್-ಬಾನ್‌ಗೆ ಇಳಿಯುವ ಮೆಟ್ಟಿಲ ಬಳಿ, ಟ್ರಾಮ್ ಬಸ್ಸುಗಳಲ್ಲಿ ಒಳಗೆ, ಒಂದು ಸಣ್ಣ ಪೆಟ್ಟಿಗೆ ಇರುತ್ತದೆ. ಸೀಳಿನಲ್ಲಿ ಟಿಕೆಟಿನ ತುದಿ ತೂರಿಸಿ, 'ಟಕ್' ಎಂಬ ಶಬ್ದ ಬಂದು ದಿನ, ಹೊತ್ತು ಅಚ್ಚಾದ ಮೇಲೆ ತೆಗೆಯಿರಿ. ದಿನದ ಟಿಕೆಟಿಗೆ ಮೊದಲ ಪ್ರಯಾಣದಲ್ಲಿ ಒಂದೇ ಸಲ ಸಾಕು. ಪ್ರತಿ ಸಲವೂ ಒತ್ತಿ ಒತ್ತಿ ಹಾಳುಮಾಡುವವರೂ ಇದ್ದಾರೆ, ಮುದ್ರೆ ಮೇಲೆ ಮುದ್ರೆ ಬಿದ್ದು ಓದಲಾಗದಿದ್ದರೆ ಅದೂ ತಲೆನೋವೇ. ದಿನಾಂಕ ಮೊದಲೇ ಅಚ್ಚಾಗಿ ಬಂದ ಟಿಕೆಟಿಗೆ ಮುದ್ರೆ ಬೇಡ. ಮೊಬೈಲಿನಲ್ಲಿ ಕೊಳ್ಳುವುದಾದರೆ ಹತ್ತುವ ಮೊದಲು ಕೊಳ್ಳಿ, ತಪಾಸಣೆಯವರನ್ನು ಕಂಡ ಮೇಲೆ ಕೊಂಡದ್ದು ನಡೆಯುವುದಿಲ್ಲ. ಚಾರ್ಜು ಇಳಿದು ಫೋನು ಆರಿಹೋದರೂ ಟಿಕೆಟು ತೋರಿಸುವುದು ನಿಮ್ಮ ಹೊಣೆ.

ಬೆಟ್ಟದ ಮೇಲಿನ ಬಿಳಿ ಕೋಟೆ, ನಾಯ್‌ಶ್ವಾನ್‌ಸ್ಟೈನ್, ಒಂದೇ ದಿನದಲ್ಲಿ ರೈಲಿನಲ್ಲಿ ಹೋಗಿ ನೋಡಿ ಬರಬಹುದೇ? ಎಷ್ಟು ಹೊತ್ತಿಗೆ ಹೊರಡಬೇಕು?
— ಓದುಗರು, ಮುಳ್ಳೇರಿಯ

ಆಗುತ್ತದೆ, ಆದರೆ ಲೆಕ್ಕವನ್ನು ಕೋಟೆಯಿಂದ ಹಿಂದಕ್ಕೆ ಹಾಕಬೇಕು, ಮನೆಯಿಂದ ಮುಂದಕ್ಕಲ್ಲ. ಒಳಗೆ ಬಿಡುವುದು ಮಾರ್ಗದರ್ಶಿಯ ಜೊತೆಗೆ ಮಾತ್ರ, ಟಿಕೆಟಿನಲ್ಲಿ ಅಚ್ಚಾದ ಗಂಟೆ ನಿಮಿಷಕ್ಕೆ ಮಾತ್ರ. ಹೊತ್ತು ಮೀರಿದರೆ ಟಿಕೆಟು ಸತ್ತಂತೆ. ಬೇಸಿಗೆಯಲ್ಲಿ ಆ ದಿನ ಹೋಗಿ ಕೊಳ್ಳುತ್ತೇವೆಂದರೆ ಸಿಗುವ ಭರವಸೆ ಇಲ್ಲ, ಮೊದಲೇ ಆನ್‌ಲೈನಿನಲ್ಲಿ ಕಾದಿರಿಸಿ.

ವಾರದ ದಿನ ಬಾಯರ್ನ್ ಟಿಕೆಟಿನಲ್ಲಿ ಹೋಗುವವರ ಲೆಕ್ಕ ನೋಡಿ. 9 ಗಂಟೆಯ ನಂತರದ ಮೊದಲ ರೈಲು. ಫ್ಯೂಸೆನ್ ಊರಿಗೆ ಸುಮಾರು ಎರಡು ಗಂಟೆ, ಕೆಲವು ರೈಲು ನೇರ, ಕೆಲವಕ್ಕೆ ಬುಖ್‌ಲೋದಲ್ಲಿ ಬದಲಿಸಬೇಕು. ಫ್ಯೂಸೆನ್ ನಿಲ್ದಾಣದ ಎದುರಿನಿಂದ 73 ಅಥವಾ 78ನೇ ಬಸ್ಸಿನಲ್ಲಿ ಕೋಟೆಯ ಬುಡದ ಊರು ಹೋಹೆನ್‌ಶ್ವಾಂಗೌಗೆ ಹತ್ತು ನಿಮಿಷದ ಹಾದಿ. ಬಾಯರ್ನ್ ಟಿಕೆಟು ಬಸ್ಸಿಗೂ ನಡೆಯುತ್ತದೆ. ರೈಲಿನಿಂದ ಇಳಿದ ಇಡೀ ಜನ ಅದೇ ಬಸ್ಸಿಗೆ ನುಗ್ಗುವುದರಿಂದ ಮೊದಲನೆಯದರಲ್ಲಿ ಜಾಗ ಸಿಗದೆ ಇರುವುದೂ ಉಂಟು. ಅಲ್ಲಿಂದ ಕೋಟೆಗೆ ಏರು ದಾರಿ, ನಡೆದರೆ 40 ನಿಮಿಷ. ಕುದುರೆಗಾಡಿ ಇದೆ, ಮೇಲಿನ ಸೇತುವೆಯ ಹತ್ತಿರದವರೆಗೆ ಬೇರೆ ಟಿಕೆಟಿನ ಬಸ್ಸೂ ಇದೆ, ಆದರೆ ಹಿಮ ಬಿದ್ದು ದಾರಿ ಜಾರುವಾಗ ಆ ಬಸ್ಸು ಓಡುವುದಿಲ್ಲ. ಎಲ್ಲ ಕೂಡಿದರೆ ಮಧ್ಯಾಹ್ನ ಎರಡರ ಆಸುಪಾಸಿನ ಪ್ರವೇಶ ಕಾದಿರಿಸುವುದು ಸುರಕ್ಷಿತ. 12ಕ್ಕೆ ಕಾದಿರಿಸಿದವರು ಬೆಟ್ಟದ ದಾರಿಯಲ್ಲಿ ಏದುಸಿರು ಬಿಡುತ್ತಾ ಓಡುತ್ತಿರುತ್ತಾರೆ. ಡಾಯ್ಚ್‌ಲಾಂಡ್ ಟಿಕೆಟು ಇದ್ದವರು ಬೆಳಗ್ಗೆ 7ಕ್ಕೇ ಹೊರಡಬಹುದು.

ಒಳಗಿನ ಸುತ್ತು ಅರ್ಧ ಗಂಟೆಯದ್ದು, ಫೋಟೋ ತೆಗೆಯುವಂತಿಲ್ಲ. ಕೋಟೆ ಎಂದರೂ ಯುದ್ಧದ ಕೋಟೆಯಲ್ಲ. ಬೇಕಲದ ಕೋಟೆಯ ಬುರುಜು, ಕಂದಕ ಮನಸ್ಸಿನಲ್ಲಿಟ್ಟು ಹೋಗಬೇಡಿ. ಎರಡನೇ ಲುಡ್ವಿಗ್ ಎಂಬ ಅರಸ 1869ರಲ್ಲಿ ಕಟ್ಟಿಸಲು ಹಿಡಿದ ಅರಮನೆ ಇದು, 1886ರಲ್ಲಿ ಅವನು ಸಾಯುವಾಗ ಮುಗಿದಿರಲಿಲ್ಲ. ಚಿತ್ರಗಳಲ್ಲಿ ಕಾಣುವ ನೋಟ ಸಿಗುವುದು ಒಳಗಲ್ಲ, ಹತ್ತಿರದ ಮಾರಿಯೆನ್ ಸೇತುವೆಯ ಮೇಲಿನಿಂದ. ಟಿಕೆಟು ಸಿಗದಿದ್ದರೆ ಸೇತುವೆಗೆ ಹೋಗಿ ಬಂದರೂ ಪ್ರಯಾಣ ದಂಡವಲ್ಲ.

ಹೌಪ್ಟ್‌ಬಾನ್‌ಹೋಫಿನ ಬಗ್ಗೆ ಒಂದು ಮಾತು ಇಲ್ಲೇ ಹೇಳಿಬಿಡುತ್ತೇವೆ. ಅಲ್ಲಿ 'ಗ್ಲೈಸ್' ಎಂದರೆ ಪ್ಲಾಟ್‌ಫಾರಂ. 11ರಿಂದ 26 ಮುಖ್ಯ ಚಾವಣಿಯ ಕೆಳಗಿವೆ. 5ರಿಂದ 10 ಒಂದು ಪಕ್ಕದ ರೆಕ್ಕೆಯಲ್ಲಿ, 27ರಿಂದ 36 ಇನ್ನೊಂದು ಪಕ್ಕದ ರೆಕ್ಕೆಯಲ್ಲಿ, ಎರಡೂ ದೂರ. ಪ್ರಾದೇಶಿಕ ರೈಲುಗಳು ಹೆಚ್ಚಾಗಿ ಈ ರೆಕ್ಕೆಗಳಿಂದಲೇ ಹೊರಡುತ್ತವೆ. ಎಸ್-ಬಾನ್, ಯು-ಬಾನ್ ನೆಲದ ಕೆಳಗೆ. ಸುರಂಗದಿಂದ ಮೇಲೆ ಬಂದು ರೆಕ್ಕೆಯ ತುದಿ ಮುಟ್ಟಲು ಹತ್ತು ನಿಮಿಷ ಬೇಕು, ಕಟ್ಟಡದ ಕಾಮಗಾರಿಯೂ ನಡೆಯುತ್ತಿರುವುದರಿಂದ ಹದಿನೈದು ಇಟ್ಟುಕೊಳ್ಳಿ.

ಸಾಲ್ಜ್‌ಬರ್ಗ್ ಆಸ್ಟ್ರಿಯಾದಲ್ಲಿದೆ. ನಮ್ಮದು ಒಂದೇ ಪ್ರವೇಶದ ಶೆಂಗೆನ್ ವೀಸಾ. ಹೋಗಿ ಬಂದರೆ ವೀಸಾ ಮುಗಿದುಹೋಗುತ್ತದೆಯೇ? ಪಾಸ್‌ಪೋರ್ಟಿನ ನಕಲು ಸಾಕೇ?
— ಓದುಗರು, ಮಂಜೇಶ್ವರ

ಮುಗಿಯುವುದಿಲ್ಲ. ಜರ್ಮನಿ, ಆಸ್ಟ್ರಿಯಾ ಎರಡೂ ಒಂದೇ ವೀಸಾದಲ್ಲಿ ಓಡಾಡಬಹುದಾದ ಶೆಂಗೆನ್ ದೇಶಗಳ ಗುಂಪಿನೊಳಗೆ, ಅಲ್ಲಿಂದ ಇಲ್ಲಿಗೆ ಹೋಗುವುದು ಹೊಸ ಪ್ರವೇಶದ ಲೆಕ್ಕಕ್ಕೆ ಬರುವುದಿಲ್ಲ. ಆದರೆ ತಲಪಾಡಿ ಗಡಿ ದಾಟಿದ ಹಾಗೆ ಕೈಬೀಸಿಕೊಂಡು ದಾಟಬಹುದು ಎಂದು ಪಾಸ್‌ಪೋರ್ಟು ಮನೆಯಲ್ಲಿಡಬೇಡಿ. ಹಿಂತಿರುಗುವಾಗ ಜರ್ಮನ್ ಪೊಲೀಸರು ಗಡಿಯ ಫ್ರೈಲಾಸ್ಸಿಂಗ್ ಸುತ್ತಮುತ್ತ ರೈಲು ಹತ್ತಿ ನೋಡುತ್ತಾರೆ. ಅಸಲೇ ಬೇಕು, ನಕಲು, ಫೋನಿನ ಫೋಟೋ ನಡೆಯುವುದಿಲ್ಲ. ತಪಾಸಣೆಗೆ ರೈಲು ತಡವಾಗಬಹುದು, ಆ ಸಂಜೆಗೆ ಬೇರೆ ಕಾರ್ಯಕ್ರಮ ಇಟ್ಟುಕೊಳ್ಳಬೇಡಿ.

ಬಾಯರ್ನ್, ಡಾಯ್ಚ್‌ಲಾಂಡ್ ಎರಡೂ ಟಿಕೆಟು ಸಾಲ್ಜ್‌ಬರ್ಗ್ ಮುಖ್ಯ ನಿಲ್ದಾಣದವರೆಗೆ ನಡೆಯುತ್ತವೆ, ಪ್ರಾದೇಶಿಕ ರೈಲಿನಲ್ಲಿ ಎರಡು ಗಂಟೆಗೆ ತುಸು ಕಡಿಮೆ. ಅದೇ ದಾರಿಯಲ್ಲಿ ರೈಲ್‌ಜೆಟ್ ಎಂಬ ವೇಗದ ರೈಲೂ ಓಡುತ್ತದೆ, ಅದಕ್ಕೆ ಈ ಟಿಕೆಟು ಸಲ್ಲದು. ಸಾಲ್ಜ್‌ಬರ್ಗಿನ ಊರ ಬಸ್ಸಿಗೆ ಬೇರೆ ಟಿಕೆಟು ಕೊಳ್ಳಬೇಕು. ಹಳೆಯ ಪೇಟೆ ನಡೆದರೂ ಅರ್ಧ ಗಂಟೆಯೊಳಗಿನ ದೂರ, ದಾರಿ ಸಮತಟ್ಟು. ಅಲ್ಲಿಯೂ ಯೂರೋ ಹಣವೇ.

ಮಂಡಿ ನೋವು. ಮೆಟ್ಟಿಲು ಹತ್ತಲಾರೆ. ನನಗೆ ಹೊಂದುವ ಪ್ರವಾಸ ಇದೆಯೇ?
— ಓದುಗರು, ಪೆರ್ಲ

ಪೇಟೆಯ ಯು-ಬಾನ್ ನಿಲ್ದಾಣಗಳಲ್ಲಿ ಲಿಫ್ಟ್ ಇದೆ, ಬಾಗಿಲೂ ಪ್ಲಾಟ್‌ಫಾರಂ ಮಟ್ಟಕ್ಕೇ ಇರುತ್ತದೆ. ಯಾವ ಲಿಫ್ಟ್ ಕೆಟ್ಟಿದೆ ಎಂಬುದನ್ನು ಊರ ಸಾರಿಗೆ ಸಂಸ್ಥೆ ಎಂವಿಜಿಯ ಆ್ಯಪ್‌ನಲ್ಲಿ ಹೊರಡುವ ಮೊದಲು ನೋಡಬಹುದು. ಎಸ್ಕಲೇಟರಿನಲ್ಲಿ ಬಲಕ್ಕೆ ನಿಲ್ಲಿ, ಎಡಭಾಗ ಅವಸರದವರಿಗೆ. ರೈಲಿನ ಬಾಗಿಲು ತಾನಾಗಿ ತೆರೆಯದಿದ್ದರೆ ಗುಂಡಿ ಒತ್ತಬೇಕು, ಕಾದು ನಿಂತವರ ಎದುರೇ ರೈಲು ಹೊರಟುಹೋಗುತ್ತದೆ.

ಪ್ರವಾಸಕ್ಕೆ ಕೋಟೆ ಬೇಡ, ಕೆರೆ ಹಿಡಿಯಿರಿ. ಎಸ್6ರಲ್ಲಿ ಸ್ಟಾರ್ನ್‌ಬೆರ್ಗ್‌ಗೆ ಹೋದರೆ ನಿಲ್ದಾಣದ ಪಕ್ಕದಲ್ಲೇ ಕೆರೆ, ಅಲ್ಲಿಯೇ ದೋಣಿ ಕಟ್ಟೆ. ಆ ನಿಲ್ದಾಣದಲ್ಲಿ ಮೆಟ್ಟಿಲಿಲ್ಲದ ದಾರಿ ಇದೆಯೇ ಎಂದು ಹೊರಡುವ ಮೊದಲೇ ಕೇಳಿಕೊಳ್ಳಿ. ದೋಣಿ ಓಡುವುದು ಈಸ್ಟರಿನಿಂದ ಅಕ್ಟೋಬರದವರೆಗೆ. ದೋಣಿಗೆ ರೈಲು ಟಿಕೆಟು ಸಲ್ಲುವುದಿಲ್ಲ.

ಬುತ್ತಿಗೆ ತುಪ್ಪ, ಪೇಡೆ, ಕರಿಬೇವು, ತೆಂಗಿನಕಾಯಿ ಊರಿನಿಂದ ಒಯ್ಯಬಹುದೇ?
— ಓದುಗರು, ಕುಂಬಳೆ

ಹಾಲಿನದ್ದು, ಮಾಂಸದ್ದು ಯಾವುದೂ ಬೇಡ, ತುಪ್ಪ ಮತ್ತು ಪೇಡೆ ಕೂಡ ಅದರಲ್ಲಿ ಬಂತು. ಹಸಿ ಕರಿಬೇವು, ಮಾವಿನಹಣ್ಣಿಗೂ ಪ್ರಮಾಣಪತ್ರ ಇಲ್ಲದೆ ಬಿಡುವುದಿಲ್ಲ. ತೆಂಗಿನಕಾಯಿಗೆ ಮಾತ್ರ, ಬಾಳೆ, ಅನಾನಸು, ಖರ್ಜೂರ, ಡುರಿಯನ್ ಜೊತೆಗೆ, ಐರೋಪ್ಯ ಒಕ್ಕೂಟ ಆ ಪ್ರಮಾಣಪತ್ರದಿಂದ ವಿನಾಯಿತಿ ಕೊಟ್ಟಿದೆ. ಆದಿತ್ಯವಾರ ಅಲ್ಲಿ ಅಂಗಡಿಗಳು ಮುಚ್ಚಿರುತ್ತವೆ, ತೆರೆದಿರುವುದು ದೊಡ್ಡ ನಿಲ್ದಾಣದೊಳಗಿನವು. ಆದಿತ್ಯವಾರದ ಪ್ರವಾಸಕ್ಕೆ ಅವಲಕ್ಕಿ, ನೀರು ಶನಿವಾರವೇ ಕಟ್ಟಿಡಿ.

ಸಂಜೆ ಹಿಂತಿರುಗುವ ರೈಲು ರದ್ದಾದರೆ ಏನು ಮಾಡುವುದು? ಭಾಷೆ ಬರುವುದಿಲ್ಲ.
— ಓದುಗರು, ಅಕ್ಕಲಕೋಟೆ

ಪ್ರವಾಸ ಯೋಜಿಸುವಾಗ ಮೊದಲು ನೋಡಬೇಕಾದ್ದು ಹೋಗುವ ರೈಲನ್ನಲ್ಲ, ಕೊನೆಯದಾಗಿ ಬರುವ ರೈಲನ್ನು. ಅದರ ಹಿಂದಿನದನ್ನು ನಿಮ್ಮ ರೈಲು ಎಂದುಕೊಳ್ಳಿ, ಕೊನೆಯದು ಆಪತ್ತಿಗೆ ಇರಲಿ. ಆದಿತ್ಯವಾರದ ಮತ್ತು ವಾರದ ದಿನದ ವೇಳಾಪಟ್ಟಿ ಬೇರೆ. ಗಂಟೆ ಬರೆಯುವುದು 24ರ ಲೆಕ್ಕದಲ್ಲಿ, 19:32 ಎಂದರೆ ಸಂಜೆ ಏಳೂವರೆ.

ಫಲಕದಲ್ಲಿ ನಾಲ್ಕು ಮಾತು ಗುರುತಿಸಿದರೆ ಸಾಕು. 'ಫೆಲ್ಟ್ ಔಸ್' ಎಂದರೆ ರದ್ದು. 'ಫೆರ್‌ಷ್ಪೇಟುಂಗ್' ತಡ. 'ನಿಷ್ಟ್ ಐನ್‌ಷ್ಟೈಗೆನ್' ಎಂದಿದ್ದರೆ ಆ ರೈಲು ಹತ್ತಬೇಡಿ. ಒಳಗೆ 'ಬಿಟೆ ಆಲೆ ಔಸ್‌ಷ್ಟೈಗೆನ್' ಎಂದು ಕೂಗಿದರೆ ಎಲ್ಲರೂ ಇಳಿಯಿರಿ ಎಂದು. ಜರ್ಮನ್ ರೈಲ್ವೆಯ ಡಿಬಿ ನ್ಯಾವಿಗೇಟರ್ ಆ್ಯಪ್ ಇಂಗ್ಲಿಷಿನಲ್ಲೂ ಸಿಗುತ್ತದೆ, ಪ್ಲಾಟ್‌ಫಾರಂ ಬದಲಾದದ್ದೂ ಅದರಲ್ಲಿ ಬರುತ್ತದೆ. ಹುಡುಕುವಾಗ ಪ್ರಾದೇಶಿಕ ರೈಲು ಮಾತ್ರ ಎಂದು ಆರಿಸಿಕೊಳ್ಳಿ, ಇಲ್ಲದಿದ್ದರೆ ನಿಮ್ಮ ಟಿಕೆಟು ನಡೆಯದ ಐಸಿಇಗಳೇ ಮೇಲೆ ತೋರುತ್ತವೆ. ನಮ್ಮ ರೈಲು ರದ್ದಾಯಿತಲ್ಲ ಎಂದು ಐಸಿಇ ಹತ್ತಿ ಕೂರಬೇಡಿ, ಅಗ್ಗದ ಟಿಕೆಟಿಗೆ ಆ ಸೌಲಭ್ಯ ಇಲ್ಲ. ಕೌಂಟರಿನಲ್ಲಿ ಕೇಳಿ, ಬೇಕಾದರೆ ಬೇರೆ ಟಿಕೆಟು ಕೊಂಡೇ ಹತ್ತಿ.

ಹಳಿ ಕೆಲಸಕ್ಕೆ ದಾರಿ ಮುಚ್ಚಿದಾಗ, ಇದು ವಾರಾಂತ್ಯದಲ್ಲಿ ಹೆಚ್ಚು, ರೈಲಿನ ಬದಲಿಗೆ ಬಸ್ಸು ಬಿಡುತ್ತಾರೆ. ಫಲಕದಲ್ಲಿ 'ಎಸ್‌ಇವಿ' ಎಂದಿರುತ್ತದೆ. ಅದೇ ಟಿಕೆಟು ನಡೆಯುತ್ತದೆ, ಆದರೆ ಬಸ್ಸು ಪ್ಲಾಟ್‌ಫಾರಂ ಹತ್ತಿರ ಬರುವುದಿಲ್ಲ. ನಿಲ್ದಾಣದ ಹೊರಗೆ, ಕೆಲವೊಮ್ಮೆ ರಸ್ತೆಯ ಆಚೆ ಬದಿಯಲ್ಲಿ ನಿಲ್ಲುತ್ತದೆ. ರೈಲಿಗಿಂತ ಹೆಚ್ಚು ಹೊತ್ತು ಬೇಕು, ಮುಂದಿನ ರೈಲು ನಿಮಗಾಗಿ ಕಾಯುವುದೂ ಇಲ್ಲ. ಹೊರಡುವ ಹಿಂದಿನ ರಾತ್ರಿಯೇ ಆ್ಯಪ್‌ನಲ್ಲಿ ನೋಡಿ, ಎಸ್‌ಇವಿ ಕಂಡರೆ ಆ ದಿನದ ಪ್ರವಾಸವನ್ನು ಬೇರೆ ದಿಕ್ಕಿಗೆ ತಿರುಗಿಸಿ.